ಬೆಕ್ಕಿಗೊಂದು ನ್ಯಾಯ, ನಾಯಿಗೊಂದು ನ್ಯಾಯ

ಬೆಕ್ಕನ್ನು ಒದೆಯುವುದು ತಪ್ಪು. ಇದರಲ್ಲಿ ವಾದಕ್ಕೆ ಎಡೆಯಿಲ್ಲ. ಆದರೆ ಬೆಕ್ಕನ್ನು ಒದ್ದವನೊಬ್ಬನನ್ನು ಕುರಿತು ಲೋಕಕ್ಕೆ ಲೋಕವೇ ಕೂಗುವಾಗ, ಆ ಕೂಗಿನಲ್ಲಿ ಬೆಕ್ಕಿನ ಪಾಲೆಷ್ಟು, ಕೂಗುವವರ ಪಾಲೆಷ್ಟು ಎಂದು ಕೇಳುವುದಕ್ಕೆ ಧಾರಾಳವಾಗಿ ಎಡೆಯಿದೆ. ಇಂಥ ಪ್ರಶ್ನೆಯನ್ನು ಎತ್ತಿದೊಡನೆಯೇ, 'ಹಾಗಾದರೆ ಒದ್ದದ್ದು ಸರಿಯೇನು?' ಎಂಬ ಮರುಪ್ರಶ್ನೆ ಬರುತ್ತದೆಂಬುದು ನನಗೆ ಗೊತ್ತು. ಸರಿಯಲ್ಲ. ಸರಿಯಲ್ಲವೆಂಬುದನ್ನು ಮೊದಲೇ ಹೇಳಿ, ಮುಂದಿನ ಮಾತಿಗೆ ಬರುತ್ತೇನೆ.

ಪ್ರಸಂಗವನ್ನು ಮರೆತಿರುವವರಿಗಾಗಿ ಎರಡು ಮಾತು. 2022ರ ಫೆಬ್ರವರಿ 7ರಂದು ಲಂಡನ್ನಿನ 'ದಿ ಸನ್' ಪತ್ರಿಕೆ ಒಂದು ವೀಡಿಯೋ ತುಣುಕನ್ನು ಹೊರಗೆಡವಿತು. ವೆಸ್ಟ್ ಹ್ಯಾಮ್ ಯುನೈಟೆಡ್ ತಂಡದ ಕಾಲ್ಚೆಂಡಿನ ಆಟಗಾರ, ಫ್ರಾನ್ಸ್ ದೇಶದ ಕರ್ಟ್ ಝೂಮಾ, ತಾನೇ ಸಾಕಿದ ಬೆಕ್ಕನ್ನು ತನ್ನ ಮನೆಯಲ್ಲಿಯೇ ಚೆಂಡನ್ನು ಒದ್ದಂತೆ ಒದೆಯುತ್ತಾನೆ. ಅದು ಓಡಿದರೆ ಪಾದರಕ್ಷೆಯನ್ನು ಎಸೆಯುತ್ತಾನೆ. ಮಗುವೊಂದರ ಕೈಯಲ್ಲಿರುವಾಗಲೂ ಅದಕ್ಕೆ ಹೊಡೆಯುತ್ತಾನೆ. ಚಿತ್ರ ತೆಗೆದವನು ತಮ್ಮ. ಹಿನ್ನೆಲೆಯಲ್ಲಿ ಕೇಳಿಬರುವುದು ನಗು.

ಮಾರನೆಯ ದಿನವೇ ತಂಡದ ವ್ಯವಸ್ಥಾಪಕರು ಆತನನ್ನು ಆಟಕ್ಕಿಳಿಸಿದರು. ಚೆಂಡು ಕಾಲಿಗೆ ಸಿಕ್ಕಿದಾಗಲೆಲ್ಲ ಜನ ಹುಯಿಲೆಬ್ಬಿಸಿದರು. ತಂಡವು ಎರಡು ವಾರದ ಸಂಬಳವನ್ನು, ಎಂದರೆ ಸುಮಾರು ಎರಡೂವರೆ ಲಕ್ಷ ಪೌಂಡನ್ನು, ದಂಡವಾಗಿ ಕಿತ್ತು ಪ್ರಾಣಿದಯಾ ಸಂಸ್ಥೆಗಳಿಗೆ ಕೊಟ್ಟಿತು. ಅಡಿಡಾಸ್ ಕಂಪೆನಿ ಆತನ ಸಂಬಂಧವನ್ನು ಕಡಿದುಕೊಂಡಿತು. ಅಲ್ಲಿನ ಪ್ರಾಣಿಹಿಂಸೆ ತಡೆಯುವ ಸಂಘ ಬೆಕ್ಕುಗಳನ್ನು ತನ್ನ ವಶಕ್ಕೆ ತೆಗೆದುಕೊಂಡು ಮೊಕದ್ದಮೆ ಹೂಡಿತು. ಮೇ 24ರಂದು ಆತ ತಪ್ಪೊಪ್ಪಿಕೊಂಡ. ಜೂನ್ 1ರಂದು ನ್ಯಾಯಾಲಯ 180 ಗಂಟೆಗಳ ಸಮಾಜಸೇವೆಯನ್ನೂ, ಐದು ವರ್ಷ ಬೆಕ್ಕು ಸಾಕಬಾರದೆಂಬ ನಿಷೇಧವನ್ನೂ ವಿಧಿಸಿತು. ತುಣುಕು ಬೆಳಕಿಗೆ ಬಂದ ದಿನದಿಂದ ತೀರ್ಪಿನ ದಿನಕ್ಕೆ ನಾಲ್ಕು ತಿಂಗಳು ತುಂಬಿರಲಿಲ್ಲ.

ಈ ಸುದ್ದಿಯನ್ನು ಓದಿದ ನಮ್ಮವರಲ್ಲಿ ಎರಡು ಪಂಗಡಗಳಾದುವು. ಇಂಥ ಪ್ರತಿಯೊಂದು ಸುದ್ದಿಗೂ ಅವೇ ಎರಡು ಪಂಗಡಗಳು ಎದ್ದು ನಿಲ್ಲುತ್ತವೆ. ಆದ್ದರಿಂದ ಇಬ್ಬರೊಡನೆಯೂ ಜಗಳವಾಡುವುದು ಇಂದಿಗೂ ಅನಗತ್ಯವಲ್ಲ.

ಮೊದಲನೆಯ ಪಂಗಡದವರು ವಿವೇಕಿಗಳು. 'ಮನುಷ್ಯರೇ ಹಸಿದು ಸಾಯುತ್ತಿರುವಾಗ ಒಂದು ಬೆಕ್ಕಿಗೆ ಇಷ್ಟು ರಂಪವೇ?' ಎಂದು ಕೇಳುತ್ತಾರೆ. ಈ ಮಾತು ಕೇಳುವುದಕ್ಕೆ ಘನವಾಗಿದೆ, ಅರ್ಥದಲ್ಲಿ ಟೊಳ್ಳು. ಬೆಕ್ಕಿಗೆ ನ್ಯಾಯ ಕೊಟ್ಟದ್ದರಿಂದ ಯಾವ ಹಸಿದ ಮನುಷ್ಯನ ಅನ್ನವೂ ಕಡಿಮೆಯಾಗಲಿಲ್ಲ. ಕೊಡದಿದ್ದರೆ ಅವನ ತಟ್ಟೆಗೆ ಒಂದು ಅಗುಳೂ ಹೆಚ್ಚಾಗಿ ಬೀಳುತ್ತಿರಲಿಲ್ಲ. ಕರುಣೆಯೆಂಬುದು ರೇಷನ್ ಅಂಗಡಿಯ ಸಕ್ಕರೆಯಲ್ಲ, ಒಬ್ಬರಿಗೆ ಅಳೆದರೆ ಇನ್ನೊಬ್ಬರಿಗೆ ಸಾಲದು ಎನ್ನುವುದಕ್ಕೆ. ಹಸಿದವರ ಹೆಸರನ್ನು ಬೆಕ್ಕಿನ ವಿಷಯ ಬಂದಾಗ ಮಾತ್ರ ನೆನೆಯುವ ಈ ವಿವೇಕಿಗಳು ಉಳಿದ ದಿನಗಳಲ್ಲಿ ಏನು ಮಾಡುತ್ತಿರುತ್ತಾರೆಂಬುದನ್ನು ಅವರೇ ಹೇಳಬೇಕು. ಇಷ್ಟಕ್ಕೂ ಆ ಚಿತ್ರದಲ್ಲಿ ಮನಸ್ಸನ್ನು ಕಲಕುವುದು ಒದೆತವೊಂದೇ ಅಲ್ಲ, ನಗು. ಕೈಲಾಗದ ಜೀವವೊಂದರ ನೋವು ವಿನೋದವಾಗಿ ಕಾಣುವ ಮನೆಯಲ್ಲಿ ಮಗುವೊಂದು ನಿಂತು ನೋಡುತ್ತಿದೆ. ಆ ಮಗು ಏನನ್ನು ಕಲಿಯಿತೆಂಬುದು ಮನುಷ್ಯರ ಪ್ರಶ್ನೆಯೇ ಹೊರತು ಬೆಕ್ಕಿನದಲ್ಲ.

ಎರಡನೆಯ ಪಂಗಡ ಕೋಪಿಷ್ಠರದು. ನನ್ನ ನಿಜವಾದ ಜಗಳ ಇವರೊಡನೆ. ಏಕೆಂದರೆ ಇವರು ಹೇಳುವುದು ಸರಿ, ಮಾಡುವುದು ಅರೆ. ಝೂಮಾನ ಜೊತೆಯಾಟಗಾರ ಮೈಕೆಲ್ ಆಂಟೋನಿಯೋ ಅಂದು ಪತ್ರಕರ್ತರನ್ನು ಒಂದು ಮಾತು ಕೇಳಿದ: ಈತ ಮಾಡಿದ್ದು ಜನಾಂಗದ್ವೇಷಕ್ಕಿಂತ ಕೀಳೇ? ವರ್ಣದ್ವೇಷದ ಅಪರಾಧ ಸಾಬೀತಾದ ಆಟಗಾರರು ಕೆಲವು ಪಂದ್ಯಗಳ ಶಿಕ್ಷೆ ಮುಗಿಸಿ ಮತ್ತೆ ಆಡುತ್ತಾರೆ. ಇವನ ಅನ್ನವನ್ನೇ ಕಿತ್ತುಕೊಳ್ಳಿ ಎಂದು ಜನ ಕೂಗುತ್ತಾರೆ, ಇದೇಕೆ ಎಂಬುದು ಅವನ ಮಾತಿನ ತಾತ್ಪರ್ಯ. ಝೂಮಾನ ಪರವಾದ ವಾದವಾಗಿ ಇದು ಕೆಲಸಕ್ಕೆ ಬಾರದು. ಒಂದು ಕೇಡಿಗೆ ದಂಡ ಬೀಳಲಿಲ್ಲವೆಂಬುದು ಇನ್ನೊಂದು ಕೇಡಿಗೆ ರಹದಾರಿಯಾಗಲಾರದು. ಆದರೆ ಕೂಗುವವರನ್ನು ಕುರಿತ ಪ್ರಶ್ನೆಯಾಗಿ ಇದಕ್ಕೆ ಉತ್ತರ ಕೊಡಲೇಬೇಕು. ನಮ್ಮ ಕೋಪ ತನ್ನ ಪಾತ್ರವನ್ನು ಹೇಗೆ ಆರಿಸಿಕೊಳ್ಳುತ್ತದೆ?

ಲಂಡನ್ನಿನ ಮಾತು ಅಷ್ಟಕ್ಕಿರಲಿ. ಮನೆಯ ಲೆಕ್ಕವನ್ನು ತೆಗೆಯೋಣ. ಅದೇ 2022ರ ಜನವರಿ ಕೊನೆಯಲ್ಲಿ, ಬೆಂಗಳೂರಿನ ಜಯನಗರದಲ್ಲಿ ದುಬಾರಿ ಕಾರೊಂದು ರಸ್ತೆಯಲ್ಲಿ ಮಲಗಿದ್ದ ಬೀದಿನಾಯಿಯ ಮೇಲೆ ಹರಿಯಿತು. ಕ್ಯಾಮೆರಾದಲ್ಲಿ ದೃಶ್ಯ ಮೂಡಿತ್ತು. ಕಾರಿನ ಯುವಕ ಶ್ರೀಮಂತ ಮನೆತನದವನು. ಊರು ಸಿಡಿದೆದ್ದಿತು, ದಸ್ತಗಿರಿಯಾಯಿತು, ಜಾಮೀನಾಯಿತು, ಸತ್ತ ನಾಯಿಯ ಅಂತ್ಯಕ್ರಿಯೆಗೆ ಚಿತ್ರರಂಗದವರೂ ಬಂದರು. ಅದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಅದಕ್ಕೆ ಐದು ತಿಂಗಳು ಮೊದಲು, 2021ರ ಸೆಪ್ಟೆಂಬರಿನಲ್ಲಿ, ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿಯೇ, ಭದ್ರಾವತಿ ತಾಲ್ಲೂಕಿನ ಕಂಬದಾಳು ಹೊಸೂರು ಗ್ರಾಮ ಪಂಚಾಯತಿಯ ಎಲ್ಲೆಯಲ್ಲಿ ಏನಾಯಿತು? ನೂರಕ್ಕೂ ಹೆಚ್ಚು ನಾಯಿಗಳನ್ನು ಹಿಡಿದು ಹೂತುಹಾಕಿದರೆಂದು ದೂರು ಬಂದು, ನೆಲ ಅಗೆಸಿ ಹೆಣಗಳನ್ನು ತೆಗೆಯಬೇಕಾಯಿತು. ವಿಷವಿಕ್ಕಿ ಕೊಂದು ಹೂತರೆಂದು ಕೆಲವರು, ಉಸಿರಿರುವಾಗಲೇ ಹೂತರೆಂದು ಕೆಲವರು ಆರೋಪಿಸಿದರು. ಅದಕ್ಕೂ ಮೊದಲು, ಅದೇ ವರ್ಷದ ಜುಲೈ ಕೊನೆಯಲ್ಲಿ, ಹಾಸನ ಜಿಲ್ಲೆಯ ಚೌಡನಹಳ್ಳಿಯ ಬಳಿ ರಸ್ತೆಯ ಬದಿಗೆ ಬಿದ್ದಿದ್ದ ಗೋಣಿಚೀಲಗಳನ್ನು ಬಿಚ್ಚಿದಾಗ ಒಳಗಿದ್ದುವು ಮಂಗಗಳು: ಮೂವತ್ತೆಂಟು ಸತ್ತಿದ್ದುವು, ಇನ್ನು ಕೆಲವು ಸಾಯುವುದರಲ್ಲಿದ್ದುವು. ರಾಜ್ಯದ ಹೈಕೋರ್ಟು ತಾನಾಗಿಯೇ ಆ ಮೊಕದ್ದಮೆಯನ್ನು ಕೈಗೆತ್ತಿಕೊಂಡಿತು.

ಈ ಎರಡು ಸುದ್ದಿಗಳಿಗೂ ಕೋಪ ಬರಲಿಲ್ಲವೆಂದಲ್ಲ. ಬಂತು, ಒಂದು ವಾರ ಇತ್ತು, ಹೋಯಿತು. ಕಾರಣವೇನು? ಭದ್ರಾವತಿಯ ನೂರು ನಾಯಿಗಳಿಗೆ ಹೆಸರಿರಲಿಲ್ಲ. ಜಯನಗರದ ಒಂದು ನಾಯಿಗೆ ಲಾರಾ ಎಂಬ ಹೆಸರಿತ್ತು. ಝೂಮಾನಿಗೆ ಒಂದು ಮುಖವಿತ್ತು, ಸಂಬಳವಿತ್ತು. ಆ ಸಂಬಳದ ಮೇಲೆ ನಮಗೆ ಮೊದಲೇ ಒಂದಿಷ್ಟು ಅಸೂಯೆಯಿತ್ತು. ಗೋಣಿಚೀಲಕ್ಕೆ ಮುಖವಿಲ್ಲ. ಊರ ಕಾಟ ಕಳೆಯಲೆಂದು ನಾಲ್ಕು ಜನ ಕುಳಿತು ಮಾತಾಡಿಕೊಂಡು, ಯಾರಿಗೋ ಕೂಲಿ ಕೊಟ್ಟು, ಯಾರ ಕೈಗೂ ರಕ್ತ ತಗಲದಂತೆ ಮುಗಿಸುವ ಕ್ರೌರ್ಯಕ್ಕೆ ಮುಖವಿಲ್ಲ. ನಮ್ಮ ಕೋಪಕ್ಕೆ ಬೇಕಾದದ್ದು ನ್ಯಾಯವಲ್ಲ, ಒಬ್ಬ ಖಳ. ಖಳ ಸಿಕ್ಕಿದರೆ ಕೋಪವೂ ಸುಖವೇ; ಅವನನ್ನು ಬೈದು ಮುಗಿಸಿದಾಗ, ನಾವು ಅವನಂಥವರಲ್ಲವೆಂಬ ಸಮಾಧಾನ ಮುಫತ್ತಾಗಿ ದೊರೆಯುತ್ತದೆ. ಸಭೆ ನಡೆಸಿ, ಖರ್ಚು ಬರೆದು ಮಾಡಿದ ಕೊಲೆಯಲ್ಲಿ ಈ ಸಮಾಧಾನ ಸಿಕ್ಕುವುದಿಲ್ಲ; ಏಕೆಂದರೆ ಅಲ್ಲಿ ಕೊಂದವನು ನಮ್ಮಂತೆಯೇ ಇರುತ್ತಾನೆ.

ಈಗ ಕಾನೂನಿನ ಮಾತು. ಕೋಪಿಷ್ಠರಲ್ಲಿ ಬಹುಮಂದಿ ಇದನ್ನು ಓದಿಯೇ ಇಲ್ಲವೆಂಬುದು ನನ್ನ ಗುಮಾನಿ. ರುಕ್ಮಿಣೀದೇವಿ ಅರುಂಡೇಲ್ ಅವರು 1953ರಲ್ಲಿ ರಾಜ್ಯಸಭೆಯಲ್ಲಿ ಪ್ರಾಣಿಹಿಂಸೆಯ ವಿರುದ್ಧ ಖಾಸಗಿ ಮಸೂದೆಯೊಂದನ್ನು ಮಂಡಿಸಿದರು. ಸರ್ಕಾರವೇ ಕಾಯಿದೆ ತರುವುದೆಂದು ನೆಹರೂ ಭರವಸೆಯಿತ್ತಾಗ ಅದನ್ನು ಹಿಂತೆಗೆದುಕೊಂಡರು. ಭರವಸೆ ಕಾಯಿದೆಯಾಗಿ ಬಂದದ್ದು 1960ರಲ್ಲಿ. ಪ್ರಾಣಿಯನ್ನು ಹೊಡೆಯುವುದು, ಒದೆಯುವುದು, ಅಳತೆ ಮೀರಿ ಹೇರುವುದು, ಚಿತ್ರಹಿಂಸೆ ಕೊಡುವುದು ಎಂದು ಅದರ 11ನೆಯ ವಿಧಿ ಅಪರಾಧಗಳನ್ನು ಒಂದೊಂದಾಗಿ ಹೆಸರಿಸುತ್ತದೆ. ಗಮನಿಸಬೇಕು: 'ಒದೆಯುವುದು' ಎಂಬ ಮಾತು ಅಲ್ಲಿಯೇ ಇದೆ. ಮೊದಲ ಅಪರಾಧಕ್ಕೆ ಅದು ಗೊತ್ತುಪಡಿಸಿದ ದಂಡ ಹತ್ತು ರೂಪಾಯಿಗೆ ಕಡಿಮೆಯಿಲ್ಲದೆ ಐವತ್ತು ರೂಪಾಯಿಯವರೆಗೆ. 1960ರಲ್ಲಿ ಐವತ್ತು ರೂಪಾಯಿ ಬಡ ಗುಮಾಸ್ತನ ಸಂಸಾರವನ್ನು ಅಲುಗಿಸಬಲ್ಲ ಮೊತ್ತ. ಬೆಂಗಳೂರಿನ ಹೋಟೆಲುಗಳಲ್ಲಿ ಇಂದು ಒಂದು ಮಸಾಲೆದೋಸೆಗೂ ಅದು ಸಾಲುವುದು ಕಷ್ಟ. ಭದ್ರಾವತಿಯ ನಾಯಿಗಳೂ ಚೌಡನಹಳ್ಳಿಯ ಮಂಗಗಳೂ ಸತ್ತಾಗ ಈ ಕಾಯಿದೆಯಲ್ಲಿದ್ದ ಬೆಲೆ ಅದೇ ಐವತ್ತು. ದಂಡವನ್ನು ಏರಿಸುವ ಕರಡು ತಿದ್ದುಪಡಿಯೊಂದನ್ನು ಕೇಂದ್ರ ಸರ್ಕಾರ ಸಾರ್ವಜನಿಕರ ಅಭಿಪ್ರಾಯಕ್ಕಾಗಿ ಹೊರಡಿಸಿದ್ದು 2022ರ ನವೆಂಬರಿನಲ್ಲಿ. ಕಾಯಿದೆ ಹುಟ್ಟಿ ಅರುವತ್ತೆರಡು ವರ್ಷಗಳ ಮೇಲೆ.

ದಂಡವೊಂದೇ ಅಲ್ಲ. ಒದೆಯುವಂಥ ಅಪರಾಧವನ್ನು ಪೋಲೀಸರು ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ತನಿಖೆ ಮಾಡುವಂತಿಲ್ಲವೆಂದು ಅದೇ ಕಾಯಿದೆ ಕಟ್ಟುಹಾಕಿತು. ಕೃತ್ಯ ನಡೆದ ಮೂರು ತಿಂಗಳೊಳಗೆ ಮೊಕದ್ದಮೆ ಹೂಡದಿದ್ದರೆ ಆಮೇಲೆ ಹೂಡುವಂತಿಲ್ಲವೆಂದೂ ಹೇಳಿತು. ಇನ್ನು ದಂಡಸಂಹಿತೆ. ಹಳೆಯ ಸಂಹಿತೆ ಹತ್ತು ರೂಪಾಯಿ ಬಾಳುವ ಪ್ರಾಣಿ, ಐವತ್ತು ರೂಪಾಯಿ ಬಾಳುವ ಪ್ರಾಣಿ ಎಂದು ಜೀವಕ್ಕೆ ಸಂತೆಯ ಬೆಲೆ ಕಟ್ಟಿ ಶಿಕ್ಷೆ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮು ಆ ಬೆಲೆಚೀಟಿಯನ್ನು ಹರಿದುಹಾಕಿ, ಐದು ವರ್ಷದವರೆಗಿನ ಸೆರೆಯನ್ನು ಗೊತ್ತುಪಡಿಸಿತು. ಒಳ್ಳೆಯದೇ. ಆದರೆ ಅದು ಅನ್ವಯಿಸುವುದು ಪ್ರಾಣಿಯನ್ನು ಕೊಂದಾಗ, ವಿಷವಿಕ್ಕಿದಾಗ, ಊನಗೊಳಿಸಿದಾಗ, ಕೆಲಸಕ್ಕೆ ಬಾರದಂತೆ ಮಾಡಿದಾಗ. ಝೂಮಾನ ಬೆಕ್ಕು ಸಾಯಲಿಲ್ಲ, ಕಾಲು ಮುರಿದುಕೊಳ್ಳಲಿಲ್ಲ. ಅದೇ ಮನುಷ್ಯ ಅದೇ ಬೆಕ್ಕನ್ನು ಅಂದು ನಮ್ಮ ಮೇಗರವಳ್ಳಿಯಲ್ಲಿ ಒದ್ದಿದ್ದರೆ, ಎಲ್ಲವೂ ಸಾಬೀತಾಗಿದ್ದರೂ, ಪ್ರಾಣಿಹಿಂಸೆ ಕಾಯಿದೆಯ ಪ್ರಕಾರ ಐವತ್ತು ರೂಪಾಯಿ ಕಟ್ಟಿ, ಚಿಲ್ಲರೆಯಿದ್ದರೆ ಕೇಳಿ ಪಡೆದು, ಮನೆಗೆ ನಡೆಯಬಹುದಾಗಿತ್ತು.

ಇಂಗ್ಲೆಂಡಿನವರು ನಮಗಿಂತ ಕರುಣಾಳುಗಳೆಂದು ಇದರಿಂದ ಯಾರೂ ತಿಳಿಯಬೇಕಾಗಿಲ್ಲ. ಆ ತುಣುಕು ಹರಡಿದ ಮೇಲೆ ಬೆಕ್ಕುಗಳಿಗೆ ಹೊಡೆದು ಚಿತ್ರ ತೆಗೆದು ಹಂಚುವ ಚಾಳಿ ತಲೆಯೆತ್ತಿತೆಂದು ಪ್ರಾಸಿಕ್ಯೂಷನ್ನಿನವರು ನ್ಯಾಯಾಲಯದಲ್ಲಿಯೇ ಹೇಳಿದರು. ಕೂಗು ಕೋಪವನ್ನು ಹರಡಿದಂತೆ ಕೇಡನ್ನೂ ಹರಡುತ್ತದೆ. ವ್ಯತ್ಯಾಸವಿರುವುದು ಎದೆಯಲ್ಲಲ್ಲ, ಏರ್ಪಾಡಿನಲ್ಲಿ. ದನಗಳನ್ನು ಹಿಂಸಿಸುವುದರ ವಿರುದ್ಧ ಅಲ್ಲಿ ಶಾಸನವಾದದ್ದು 1822ರಲ್ಲಿ. ಸಂಘ ಹುಟ್ಟಿದ್ದು 1824ರಲ್ಲಿ. ಶಾಸನ ಮಾಡಿದ ಮಾತ್ರಕ್ಕೆ ಕೈಕಟ್ಟಿ ಕೂರದೆ, ನಡೆದುಹೋಗಿ ನೋಡುವ, ಸಾಕ್ಷ್ಯ ಕೂಡಿಸುವ, ಕಟಕಟೆಗೆ ತರುವ ಜನರನ್ನು ಅವರು ನೇಮಿಸಿಕೊಂಡರು. ಆರು ತಿಂಗಳಿದ್ದ ಗರಿಷ್ಠ ಶಿಕ್ಷೆಯನ್ನು 2021ರಲ್ಲಿ ಐದು ವರ್ಷಕ್ಕೆ ಏರಿಸಿದರು. ಹೀಗಾಗಿ ಕೋಪ ಬಂದ ದಿನ ಅದು ಹರಿದುಹೋಗಲು ಕಾಲುವೆ ಮೊದಲೇ ತೋಡಿತ್ತು. ನಮ್ಮಲ್ಲಿ ಕೋಪವೆಲ್ಲ ಮುಂಗಾರಿನ ನೀರಿನಂತೆ ಬೀದಿಯಲ್ಲಿ ಹರಿದು ಕೆಸರಾಗುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು, ಅದು ಪಟ್ಟಣದ್ದಲ್ಲ, ಹಳ್ಳಿಯದು, ಗಟ್ಟಿಯಾದದ್ದು. ಮೇಗರವಳ್ಳಿಯ ಹೆಸರನ್ನು ಕನ್ನಡದ ಓದುಗರು ಹೊಸದಾಗಿ ಕೇಳುತ್ತಿಲ್ಲ. 1967ರಲ್ಲಿ ಬಂದ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದಿದವರೆಲ್ಲ ನಾಯಿಗುತ್ತಿಯ ಹಿಂದೆ, ಅವನ ಹುಲಿಯನ ಹಿಂದೆ, ಆ ಸೀಮೆಯ ಕಾಡುದಾರಿಗಳಲ್ಲಿ ನಡೆದವರೇ. ಹುಲಿಯನಿಗಾಗಿ ಕಣ್ಣೊರೆಸಿಕೊಂಡ ಪಟ್ಟಣದ ಓದುಗರು ಎಷ್ಟೋ ಮಂದಿ. ಆದರೆ ಆ ಮಲೆಯ ರೈತ ಇಂದು ಕೇಳುವ ಪ್ರಶ್ನೆ ಬೇರೆ: 'ಎಳೆ ಅಡಿಕೆಯನ್ನು ಮಂಗ ಕಿತ್ತು ಬಿಸಾಡುತ್ತದೆ, ಬಾಳೆಗೊನೆ ಉಳಿಯುವುದಿಲ್ಲ, ಗದ್ದೆಗೆ ಹಂದಿ ನುಗ್ಗುತ್ತದೆ. ನಿಮ್ಮ ಕರುಣೆಯ ಖರ್ಚನ್ನು ನಾನೊಬ್ಬನೇ ಏಕೆ ಕೊಡಬೇಕು?' 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಗುರುತಿಗೆ ಬಂದ ರೋಗ, ಉಣುಗಿನ ಮೂಲಕ ಮನುಷ್ಯರಿಗೂ ತಗಲಿ, ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ದೀಪವಾರಿಸಿದೆ. ಬೀದಿನಾಯಿ ಕಚ್ಚಿದ ಮಗುವಿನ ತಾಯಿಯೂ ಇದೇ ಪ್ರಶ್ನೆಯನ್ನು ಕೇಳುತ್ತಾಳೆ. ಅವರಿಗೆ ಕ್ರೂರಿಗಳೆಂದು ಹೆಸರಿಟ್ಟು ಮಾತು ಮುಗಿಸುವುದು ಅನ್ಯಾಯ.

ಈ ಪ್ರಶ್ನೆ ನ್ಯಾಯವಾದದ್ದು. ಇದಕ್ಕೆ ಗೋಣಿಚೀಲ ಉತ್ತರವಲ್ಲ. ಒಂದೂರಿನ ಮಂಗವನ್ನು ಹಿಡಿದು ಇನ್ನೊಂದೂರಿನ ಗುಡ್ಡಕ್ಕೆ ಬಿಟ್ಟರೆ ಮಂಗದ ಕಾಟ ತಪ್ಪುವುದಿಲ್ಲ, ಅನುಭವಿಸುವವನು ಬದಲಾಗುತ್ತಾನೆ, ಅಷ್ಟೆ. ನಾಯಿಗಳ ವಿಷಯದಲ್ಲಂತೂ ದಾರಿ ಗೊತ್ತಿಲ್ಲದ್ದೇನೂ ಅಲ್ಲ. ಹಿಡಿದು, ಸಂತಾನಹರಣ ಮಾಡಿ, ಲಸಿಕೆ ಹಾಕಿಸುವುದು ಸ್ಥಳೀಯ ಸಂಸ್ಥೆಗಳ ಹೊಣೆಯೆಂದು 2001ರ ನಿಯಮಗಳು ಹೇಳಿದುವು, 2023ರ ನಿಯಮಗಳು ಮತ್ತೆ ಹೇಳಿದುವು. ನೂರಕ್ಕೆ ಎಪ್ಪತ್ತು ನಾಯಿಗಳಿಗೆ ಲಸಿಕೆ ಬಿದ್ದರೆ ಹುಚ್ಚುನಾಯಿ ರೋಗದ ಸರಪಳಿ ಕಡಿಯುತ್ತದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ನಮ್ಮ ಪಕ್ಕದ ಗೋವಾ, ನಾಯಿಗಳನ್ನು ಹೂಳದೆ, ವರ್ಷ ವರ್ಷವೂ ಲಸಿಕೆ ಹಾಕಿಸಿ, 2021ರಲ್ಲಿ ದೇಶದ ಮೊದಲನೆಯ ರೇಬಿಸ್ ನಿಯಂತ್ರಿತ ರಾಜ್ಯವೆಂದು ಘೋಷಿಸಿಕೊಂಡಿತು. ಅದೇ ವರ್ಷ ನಾವು ಭದ್ರಾವತಿಯಲ್ಲಿ ಗುಂಡಿ ತೋಡಿದೆವು. 2025ರ ಆಗಸ್ಟಿನಲ್ಲಿ ದಿಲ್ಲಿಯ ನಾಯಿಗಳನ್ನು ಬೀದಿಯಿಂದ ಸಾಗಿಸಿ ಕೂಡಿಹಾಕಬೇಕೆಂದು ಸುಪ್ರೀಂ ಕೋರ್ಟು 11ರಂದು ಆಜ್ಞೆ ಮಾಡಿ, 22ರಂದು ಅದನ್ನು ಮಾರ್ಪಡಿಸಿತು. ನಡುವಿನ ಆ ಹನ್ನೊಂದು ದಿನ ದೇಶವೆಲ್ಲ ನಾಯಿಯ ಪರ, ನಾಯಿಯ ವಿರುದ್ಧ ಎಂದು ಸೀಳಿ ನಿಂತಿತು. ಎರಡು ಕಡೆಯವರೂ ಕೂಡಿ ತಂತಮ್ಮ ಪುರಸಭೆಗೆ ಹೋಗಿ, 'ಲಸಿಕೆಗೆ ಎಷ್ಟು ತೆಗೆದಿರಿಸಿದ್ದೀರಿ, ಎಷ್ಟು ಖರ್ಚು ಮಾಡಿದ್ದೀರಿ?' ಎಂದು ಕೇಳಿದ್ದರೆ ಮಗುವಿಗೂ ಕ್ಷೇಮ, ನಾಯಿಗೂ ಕ್ಷೇಮ.

ಕನ್ನಡ ಪಾಠ ಹೇಳುವವನು ಈ ವಿಷಯದಲ್ಲಿ ಜನ್ನನನ್ನು ಮರೆಯುವಂತಿಲ್ಲ. 1209ರಲ್ಲಿ ಅವನು ಬರೆದ 'ಯಶೋಧರ ಚರಿತೆ'ಯಲ್ಲಿ ರಾಜ ಯಶೋಧರ ಜೀವಬಲಿಗೆ ಒಪ್ಪುವುದಿಲ್ಲ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು, ಹಿಟ್ಟಿನ ಕೋಳಿಯೊಂದನ್ನು ಮಾಡಿಸಿ ಕಡಿಯುತ್ತಾನೆ. ಸತ್ತದ್ದು ಯಾವ ಜೀವವೂ ಇಲ್ಲ. ಆದರೂ ಕವಿ ಅವರನ್ನು ಬಿಡುವುದಿಲ್ಲ. ತಾಯಿಮಕ್ಕಳಿಬ್ಬರೂ ನವಿಲಾಗಿ, ನಾಯಿಯಾಗಿ, ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಮನುಷ್ಯರ ಕೈಯಲ್ಲಿ ಪಾಡುಪಡುತ್ತಾರೆ. ಹಿಂಸೆಯಿರುವುದು ಕತ್ತಿಯಲ್ಲಲ್ಲ, ಸಂಕಲ್ಪದಲ್ಲಿ ಎಂಬುದು ಕಾವ್ಯದ ನಿಲುವು. 'ನಾನು ಕೊಲ್ಲಲಿಲ್ಲ, ಕೂಲಿಯವನು ಕೊಂದ' ಎನ್ನುವವರಿಗೆ ಎಂಟುನೂರು ವರ್ಷಗಳ ಹಿಂದೆಯೇ ಕೊಟ್ಟ ಉತ್ತರವದು. ಅಷ್ಟೇ ಅಲ್ಲ; ಇಂದಿನ ಕೋಪಿಷ್ಠರಿಗೂ ಅದರಲ್ಲಿ ಪಾಠವುಂಟು. ದೂರದೇಶದ ಒಬ್ಬ ಆಟಗಾರ ನಮ್ಮ ಪಾಲಿಗೆ ಹಿಟ್ಟಿನ ಕೋಳಿ. ಅವನನ್ನು ಮಾತಿನಿಂದ ಕಡಿದು, ಬಲಿ ಸಂದಿತು, ಪಾಪ ಕಳೆಯಿತು ಎಂದು ಕೈತೊಳೆದುಕೊಳ್ಳುತ್ತೇವೆ. ಕಳೆಯುವುದಿಲ್ಲ. ಅತ್ತ ಗುಂಡಿ ಹಾಗೆಯೇ ತೆರೆದಿರುತ್ತದೆ.

ಆದ್ದರಿಂದ ಕೋಪಿಷ್ಠರಲ್ಲಿ ನನ್ನ ಬಿನ್ನಹ ಇಷ್ಟೆ: ಕೋಪವನ್ನು ಬಿಡಬೇಡಿ, ಅದಕ್ಕೆ ಕೆಲಸ ಕೊಡಿ. ನಿಮ್ಮ ಕ್ಷೇತ್ರದ ಲೋಕಸಭಾ ಸದಸ್ಯರು ಮತ ಕೇಳಲು ಬಂದಾಗ, 1960ರ ಆ ಐವತ್ತು ರೂಪಾಯಿಯ ವಿಷಯದಲ್ಲಿ ಅವರ ಅಭಿಪ್ರಾಯವೇನೆಂದು ಕೇಳಿ. ದೂರು ಕೊಟ್ಟರೆ ಪೋಲೀಸರು ತಾವೇ ತನಿಖೆ ಮಾಡುವಂತಾಗಬೇಕೆಂದು ಕೇಳಿ. ನಿಮ್ಮ ಪುರಸಭೆ, ಪಂಚಾಯತಿಗಳ ಆಯವ್ಯಯದಲ್ಲಿ ಲಸಿಕೆಗೂ ಸಂತಾನಹರಣಕ್ಕೂ ಇಟ್ಟ ಹಣದ ಸಾಲನ್ನು ಬೆರಳಿಟ್ಟು ತೋರಿಸಿರೆಂದು ಕೇಳಿ. ಅಡಿಕೆ ಕಳೆದುಕೊಂಡ ರೈತನಿಗೆ ಪರಿಹಾರವನ್ನೂ ಅದೇ ಉಸಿರಿನಲ್ಲಿ ಕೇಳಿ. ಅವನನ್ನು ಕೈಬಿಟ್ಟ ಪ್ರಾಣಿದಯೆ ಹಳ್ಳಿಯಲ್ಲಿ ಒಂದು ದಿನವೂ ನಿಲ್ಲಲಾರದು. ಈ ಕೆಲಸಗಳಲ್ಲಿ ಖಳನಿಲ್ಲ, ಚಪ್ಪಾಳೆಯಿಲ್ಲ, ಬೇಸರ ಬರಿಸುವಂಥವು. ಲಂಡನ್ನಿನ ಆ ಬೆಕ್ಕಿಗೆ ನ್ಯಾಯ ದೊರೆತದ್ದು ಒಂದು ವಾರದ ಕೂಗಿನಿಂದಲ್ಲ, ಎರಡು ನೂರು ವರ್ಷ ಯಾರೋ ಬೇಸರಪಡದೆ ಮಾಡಿದ ಇಂಥ ಕೆಲಸದಿಂದ. ಕಂಬದಾಳು ಹೊಸೂರಿನ ನಾಯಿಗಳಿಗೆ ಆ ಯಾರೋ ಇರಲಿಲ್ಲ. ಮುಂದಿನ ಗುಂಡಿ ಯಾವ ಊರಿನಲ್ಲಿ ಏಳುತ್ತದೆಂದು ಹೇಳಲಾರೆ. ಆ ಊರಿನ ಲೆಕ್ಕದ ಪುಸ್ತಕವನ್ನು ಈಗಲೇ ತೆರೆದು ನೋಡಬಹುದೆಂದು ಮಾತ್ರ ಬಲ್ಲೆ.